ರೊಟ್ಟಿ ಅಂಗಡಿ ಉದ್ಘಾಟನೆಗೆ ಆಯೇರಿ ಬಂದ ಕುರಿತು

ಸಾರ್ವಜನಿಕ ಸಂಪರ್ಕ ವಿಭಾಗ (ಇಂಟರ್ನ್‌ಶಿಪ್ ಘಟಕ), ಗದಗ
ಸಂಖ್ಯೆ: ಸಾಸಂವಿ/ಇಂಟರ್ನ್/ಅಕ್ಷತೆ/01

ವಿಷಯ: ಇಂಟರ್ನ್‌ಶಿಪ್ ವಿದ್ಯಾರ್ಥಿಗಳು ಜನರನ್ನು ಕರೆಯುವಾಗ ಪಾಲಿಸಬೇಕಾದ ಶಿಸ್ತು.
ಉಲ್ಲೇಖ: ಮಂಜವ್ವನವರು ವಿಭಾಗದ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಸಲ್ಲಿಸಿದ ಮೌಖಿಕ ದೂರು.

ಇದನ್ನು ಓದುತ್ತಿರುವ ತಾವು ಯಾರೇ ಆಗಿರಿ, ಒಂದು ರೊಟ್ಟಿ ಅಂಗಡಿಯ ಉದ್ಘಾಟನೆಗೆ ಇನ್ನೂರ ಹದಿನಾಲ್ಕು ಜನರನ್ನು ಕರೆತರುವ ತಾಕತ್ತು ತಮಗಿಲ್ಲ, ಈ ವಿಭಾಗಕ್ಕಿದೆ. ಪೋಸ್ಟರ್ ಇಲ್ಲ, ಟ್ರೇಲರ್ ಇಲ್ಲ, ನೇರ ಹೌಸ್‌ಫುಲ್ ಎಂದು ಈ ಮೂಲಕ ಹೆಮ್ಮೆಪಡಲಾಗಿದೆ.

1. ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿ ಸೋಮೇಶನು ಬೆಟಗೇರಿಯ ಮಂಜವ್ವನವರ ಹೊಸ ಖಡಕ್ ರೊಟ್ಟಿ ಅಂಗಡಿಯಲ್ಲಿ ಇಂಟರ್ನ್ ಆಗಿರುತ್ತಾನೆ. "ನೂರ ಮಂದಿ ಬಂದ್ರ ಸಹಿ ಮಾಡ್ತೀನಿ. ಇಲ್ಲಾಂದ್ರ ನಿನ್ನ ಕಾಗದಾನೂ ಹಂಚಿನ ಮ್ಯಾಲೆ ಹಾಕ್ತೀನಿ" ಎಂಬುದು ಅವರ ಷರತ್ತು. ಇಂಟರ್ನ್‌ಶಿಪ್ ಪ್ರಮಾಣಪತ್ರಕ್ಕೆ ಸಹಿ ಇಲ್ಲದವರಿಗೆ ಪರೀಕ್ಷೆ ಇಲ್ಲ.

2. ವಾಟ್ಸ್‌ಆ್ಯಪ್‌ನಲ್ಲಿ ಕರೆದರೆ ಈ ಭಾಗದಲ್ಲಿ ಕರೆದಂತಲ್ಲ. ಆದ್ದರಿಂದ ಸೋಮೇಶನು ಹೊಸ ಅಂಗಿ ತೊಟ್ಟು, ತಟ್ಟೆಯಲ್ಲಿ ಕುಂಕುಮ, ಅಕ್ಷತೆ ಹಿಡಿದು, ಸ್ಲೋ ಮೋಷನ್‌ನಲ್ಲಿ ಮನೆ ಮನೆಗೆ ತೆರಳಿರುತ್ತಾನೆ.

3. ಪರಿಣಾಮವಾಗಿ ಮಂದಿ ರೇಷ್ಮೆ ಸೀರೆಯುಟ್ಟು, ಮದುವೆಯ ಉಡುಗೊರೆಯಾದ ಆಯೇರಿಯ ಸ್ಟೀಲ್ ಕೊಡ, ಕುಪ್ಪಸದ ಖಣಗಳ ಸಮೇತ ಬಂದು "ಮದುಮಗ ಎಲ್ಲದಾನ್ರಿ?" ಎಂದು ಮಂಜವ್ವನವರನ್ನೇ ವಿಚಾರಿಸಿದ್ದಾರೆ. ಪುಂಡಲೀಕಪ್ಪ ಎಂಬ ಹಿರಿಯರು "ಪಂಗ್ತಿ ಎಲ್ಲಿ ಹಾಕೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಾರಾಟದ ರೊಟ್ಟಿಗೆ ಕೈ ಹಾಕಿರುತ್ತಾರೆ. ಉಳಿದವರು ಅವರನ್ನು ಅನುಸರಿಸಿದ್ದಾರೆ.

4. ಇನ್ನು ಮುಂದೆ ಇಂಟರ್ನ್ ಆದವನು ಪ್ರತಿ ಹೊಸ್ತಿಲಲ್ಲಿ "ಇದು ಮದುವಿ ಅಲ್ರಿ" ಎಂದು ಮೂರು ಸಲ ಹೇಳತಕ್ಕದ್ದು. ಮನೆಯಲ್ಲಿ ಅಜ್ಜಿ ಇದ್ದಲ್ಲಿ ಏಳು ಸಲ.

5. ಇಂಟರ್ನ್‌ಶಿಪ್ ಅವಧಿಯಲ್ಲಿ ಹೊಸ ಅಂಗಿ, ನುಣ್ಣಗೆ ಬೋಳಿಸಿದ ಗಡ್ಡ ಹಾಗೂ ಕಾರಣವಿಲ್ಲದ ನಾಚಿಕೆಯನ್ನು ನಿಷೇಧಿಸಲಾಗಿದೆ. ನಾಚುವುದು ಅನಿವಾರ್ಯವಾದಲ್ಲಿ ಮೂರು ದಿನ ಮೊದಲೇ ಲಿಖಿತ ಅನುಮತಿ ಪಡೆಯತಕ್ಕದ್ದು.

6. ಆಯೇರಿ ಮರಳಿಸಲು ಹೋದಾಗ "ಇಟ್ಕೋ ತಮ್ಮಾ, ಇವತ್ತಿಲ್ಲಾಂದ್ರ ನಾಳಿ ಆಗ್ತೈತಿ" ಎಂದು ಎಲ್ಲರೂ ನಿರಾಕರಿಸಿದ್ದರಿಂದ, ಸದರಿ ಮೂವತ್ತೊಂದು ಕೊಡಗಳನ್ನು ಗ್ರಂಥಾಲಯದಲ್ಲಿ 'ಉದ್ಯೋಗ ಮಾರ್ಗದರ್ಶನ ಸಂಪನ್ಮೂಲ' ಎಂಬ ಕಪಾಟಿನಲ್ಲಿ ಇರಿಸಲಾಗಿದೆ.

7. ಈ ಸುತ್ತೋಲೆಯನ್ನು ಶಿಕ್ಷೆಯಾಗಿ ಬರೆಯುತ್ತಿರುವವನು ಸೋಮೇಶನೇ ಆಗಿದ್ದು, ಮಂದಿ ತಾವಾಗಿಯೇ ತಪ್ಪು ತಿಳಿದರೆಂಬುದು ಪೂರ್ಣ ಸತ್ಯವಲ್ಲ ಎಂದು ಒಪ್ಪಿಕೊಳ್ಳಲಾಗಿದೆ. ಮೊದಲ ಎರಡು ಮನೆಯವರು ರೊಟ್ಟಿ ಅಂಗಡಿ ಎಂದೊಡನೆ "ನೋಡೂಣ ತಗೋ" ಎಂದಿದ್ದರು. ಮೂರನೇ ಮನೆಯ ಅಮೀನಬಿ ಚಾಚಿ ಮಾತ್ರ ಅಕ್ಷತೆ ನೋಡಿ ಅರಳಿ, "ಹುಡುಗಿ ಯಾವೂರಾಕಿಲೇ ಸೋಮ್ಯಾ?" ಎಂದರು. ಆಗ ನೂರು ಮಂದಿ ಕಣ್ಣ ಮುಂದೆ ಬಂದು, ತಲೆ ತಗ್ಗಿಸಿ, "ಹಮ್ಮಿಗಿ" ಎಂದು ಹೇಳಲಾಗಿದೆ. ಉಳಿದದ್ದನ್ನು ಚಾಚಿಯೇ ಊರಿಗೆಲ್ಲ ಹಬ್ಬಿಸಿದ್ದಾರೆ. "ಮಂದಿ ಬಂದಿದ್ದಂತೂ ಖರೆ" ಎಂದು ಮಂಜವ್ವನವರು ಸಹಿ ಹಾಕಿರುತ್ತಾರೆ.

ಸಹಿ/-
ಸೋಮೇಶ
(ಮುಖ್ಯಸ್ಥರ ಪರವಾಗಿ, ಮುಖ್ಯಸ್ಥರ ಎದುರಿನಲ್ಲಿ, ನಿಂತುಕೊಂಡು)

ಪ್ರತಿಗಳು:
1. ಮಂಜವ್ವನವರಿಗೆ, ಓದಿ ಹೇಳಲು ಒಬ್ಬರ ಸಮೇತ.
2. ಅಮೀನಬಿ ಚಾಚಿಯವರಿಗೆ, ಇದನ್ನೂ ಅಷ್ಟೇ ಜಲ್ದಿ ಹಬ್ಬಿಸುವ ಕೋರಿಕೆಯೊಂದಿಗೆ.
3. ಸೋಮೇಶನ ತಾಯಿ ಅನ್ನಪೂರ್ಣವ್ವನವರಿಗೆ. ಸುದ್ದಿ ನಂಬಿ ಅವರು ಹೆಣ್ಣು ನೋಡಲು ಹಮ್ಮಿಗಿಗೆ ಹೊರಟಿರುವುದರಿಂದ ಆ ದಾರಿಯ ಮುಂಡರಗಿ ಬಸ್ಸು ಬಿಡುವುದರೊಳಗೆ ಖುದ್ದಾಗಿ ತಲುಪಿಸುವುದು. ಅತಿ ಜರೂರು.