ಆರು ಭಾನುವಾರ ನುಂಗಿದ ಆ್ಯಪ್

ನಮ್ಮ ಸೋದರಮಾವನಿಗೆ ಮದುವೆಗೆ ಹೆಣ್ಣು ಒಪ್ಪಲು ಹಿಡಿದದ್ದು ಒಂದು ತಟ್ಟೆ ಉಪ್ಪಿಟ್ಟು ಖಾಲಿಯಾಗುವಷ್ಟು ಹೊತ್ತು. ಅದೇ ಮನುಷ್ಯನಿಗೆ, ತಮ್ಮ ಹನ್ನೊಂದು ಜನರ ಅಡುಗೆ ತಂಡ ಪರಸ್ಪರ ಮಾತಾಡಿಕೊಳ್ಳಲು ಒಂದು ಆ್ಯಪ್ ಒಪ್ಪಲು ಹಿಡಿದದ್ದು ಆರು ಭಾನುವಾರ. ಆರೂ ನನ್ನ ಭಾನುವಾರಗಳು! ಕಚೇರಿಯಲ್ಲಿ ಎಲ್ಲರ ಫೋನಿಗೂ ಆ್ಯಪ್ ಹಾಕಿಕೊಡುವುದು ನನ್ನ ಕೆಲಸ ಎಂದು ಯಾವುದೋ ಮದುವೆಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

ಮಾವನದು ಬನಶಂಕರಿಯಲ್ಲಿ ಅಡುಗೆ ಕಾಂಟ್ರಾಕ್ಟು. ನಾಮಕರಣ, ಗೃಹಪ್ರವೇಶ, ತಿಥಿ, ಯಾವುದಕ್ಕೂ ಸೈ. ಮೊದಲೆಲ್ಲ ಅಡುಗೆಮನೆಯ ಅಧಿಕಾರ ಅತ್ತೆಯದಾಗಿತ್ತು. ಬೆನ್ನು ತಿರುಗಿಸಿ ವೀಳ್ಯದೆಲೆ ಎಣಿಸುತ್ತ ಕೂತಿದ್ದರೂ ಸಾಸಿವೆ ಸಿಡಿಯುವ ಸದ್ದು ಕೇಳಿಯೇ "ಸಾಕು, ಇಳಿಸಿ" ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಅವರ ಮಾತೂ ಬಲಗೈಯೂ ಹೋದವು. ಈಗ ಜೆ.ಪಿ. ನಗರದ ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯೇ ಅವರ ಜಾಗ. ಅಂದಿನಿಂದ ಮಾವ ಒಬ್ಬರೇ ಯಜಮಾನರು. ಯಜಮಾನಿಕೆ ಎಂದರೆ ಕೂಗಾಟ ಎಂದು ಅವರಿಗೆ ಯಾರು ಹೇಳಿಕೊಟ್ಟರೋ ಕಾಣೆ.

ಆ್ಯಪಿನ ಗೀಳು ಹತ್ತಿದ್ದಕ್ಕೆ ಕಾರಣವಿತ್ತು. ಫೋನಿನಲ್ಲಿದ್ದ ತಂಡದ ಹಳೆಯ ಗುಂಪಿನಲ್ಲಿ ಬೆಳಗಾದರೆ ಶುಭೋದಯದ ಗುಲಾಬಿಗಳು. ಆ ಗುಲಾಬಿಗಳ ಅಡಿಯಲ್ಲಿ ಮಾವನ ಒಂದು ಸಂದೇಶ ಹೂತುಹೋಗಿ, ಅಂಜನಾಪುರದ ತಿಥಿ ಮನೆಗೆ ಹೋಗಬೇಕಾದ ವಡೆ ಕೋಣನಕುಂಟೆಯ ನಾಮಕರಣಕ್ಕೆ ಹೋಯಿತು. ತೊಟ್ಟಿಲ ಪಕ್ಕದಲ್ಲಿ ತಿಥಿ ವಡೆ! ಮಗುವಿನ ಅಜ್ಜಿ ಅಲ್ಲೇ ಕುಸಿದು ಕೂತರಂತೆ. ಆವತ್ತೇ ಮಾವ ನನ್ನ ಜಯನಗರದ ಮನೆಗೆ ಬಂದು ಅಪ್ಪಣೆ ಮಾಡಿದರು.

"ನಿಮ್ ಆಫೀಸಲ್ಲಿ ಇರತ್ತಲ್ಲ, ಅಂಥದ್ದೊಂದು ನಮ್ಗೂ ಹಾಕ್ಕೊಡು. ನೀನು ಓದಿರೋದು ಯಾವಾಗ ಉಪಯೋಗಕ್ಕೆ ಬರ್ಬೇಕು?"

ಮೊದಲ ಭಾನುವಾರ ಸಂದೇಶ ಕಳಿಸುವ ಅಚ್ಚುಕಟ್ಟಾದ ಆ್ಯಪ್ ಹಾಕಿಕೊಟ್ಟೆ. ಪ್ರತಿ ಮನೆಗೂ ಬೇರೆ ಬೇರೆ ಗುಂಪು, ಗುಲಾಬಿಗೆ ಜಾಗವೇ ಇಲ್ಲ. ಮಾವ ಕನ್ನಡಕ ಏರಿಸಿ ನೋಡಿ ಪಕ್ಕಕ್ಕಿಟ್ಟರು.

"ಸುಬ್ಬಣ್ಣ ತಿಥಿ ಅಡುಗೆಗೆ ಮಡೀಲಿರ್ತಾನೆ. ಮಡೀಲಿರೋನು ಫೋನ್ ಮುಟ್ತಾನೇನೇ?"

ಸುಬ್ಬಣ್ಣ ಎಂದರೆ ಹೆಡ್ ಅಡುಗೆಯವರು. ಒದ್ದೆ ಪಂಚೆಯುಟ್ಟರೆ ಸ್ವಂತ ಕನ್ನಡಕವನ್ನೂ ಮುಟ್ಟದ ಮನುಷ್ಯ.

"ಧ್ವನಿ ಸಂದೇಶ ಕಳ್ಸ್ಲಿ ಮಾವ. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಒತ್ತೋಕೆ ಮುಟ್ಬೇಕಲ್ಲ."

ನಾನು ಸೋಲುವವಳೇ? ಏನಾದರೂ ಉಪಾಯ ಮಾಡಿ ಎಂದು ಸುಬ್ಬಣ್ಣನಿಗೇ ಹೇಳಿದೆ. ಅವರು ನಿಜವಾಗಿಯೂ ಮಾಡಿದರು. ಕೋಸಂಬರಿಗೆ ಹೆಚ್ಚಿದ್ದ ಸೌತೆಕಾಯಿಯ ತುಂಡಿನಿಂದ ಫೋನ್ ಒತ್ತಿದರು. ಫೋನಿಗೆ ಬೆರಳಿಗೂ ಸೌತೆಕಾಯಿಗೂ ವ್ಯತ್ಯಾಸ ಗೊತ್ತಿಲ್ಲ ನೋಡಿ, ಅದು ಒಪ್ಪಿಕೊಂಡಿತು. ಆದರೆ ಸೌತೆಕಾಯಿ ಒತ್ತಿದ್ದು ಬೇರೆ ಗುಂಡಿ. ತಿಥಿಗೆ ಬರಬೇಕಿದ್ದ ಪುರೋಹಿತರಿಗೆ ವಿಡಿಯೋ ಕರೆ ಹೋಯಿತು. ಸ್ನಾನದ ಮನೆಯಿಂದ ಆಗಷ್ಟೇ ಹೊರಬಂದಿದ್ದ ಪುರೋಹಿತರು ಆಮೇಲೆ ಸುಬ್ಬಣ್ಣನ ಜೊತೆ ಒಂದು ವಾರ ಮಾತಾಡಲಿಲ್ಲ.

ಎರಡನೆಯ ಭಾನುವಾರ ಸಭೆ ನಡೆಸುವ ಆ್ಯಪ್ ತಂದೆ. ಒಮ್ಮೆ ಸೇರಿಕೊಂಡರೆ ಮುಟ್ಟುವುದೇ ಬೇಡ, ಮಾತಾಡಿದರೆ ಸಾಕು. ಆದರೆ ಸಭೆ ಶುರುಮಾಡಿದ್ದು ನಾನು. ಮಾವ ಸೇರಲು ಹೋದಾಗ 'ದಯವಿಟ್ಟು ಕಾಯಿರಿ' ಎಂದು ಬಂತು.

"ನನ್ ಅಡುಗೆಮನೆಗೆ ನಾನೇ ಬಾಗ್ಲಲ್ಲಿ ನಿಂತು ಕಾಯ್ಬೇಕಾ?" ಎಂದರು. ಮೇಲಿಂದ, ಪುಕ್ಕಟೆ ಅವಧಿ ಮುಗಿದು ಕರೆ ನಡುವೆಯೇ ಕಡಿದುಹೋಯಿತು. ಮಾವ ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ಬೆಳಿಗ್ಗೆ ತೆರೆದ್ರೆ ಸಾಯಂಕಾಲದ ತನ್ಕ ತೆರ್ಕೊಂಡೇ ಇರೋವಂಥದ್ದು ಯಾವ್ದೂ ಇಲ್ವೇನೇ?"

"ಇಡೀ ದಿನ ಯಾರು ಮಾವ ಮಾತಾಡ್ತಾರೆ?"

"ಮಾತಾಡೋಕಲ್ಲ," ಎಂದು ಅಲ್ಲಿಗೇ ನಿಲ್ಲಿಸಿ ಫ್ಯಾನ್ ನೋಡುತ್ತ ಕೂತರು. ಮಾತಾಡುವುದಕ್ಕಲ್ಲದೆ ಇನ್ನೇನಕ್ಕೆ, ಒಗ್ಗರಣೆ ಹಾಕುವುದಕ್ಕೇ? ನನಗೆ ಮೈಯೆಲ್ಲ ಉರಿಯಿತು.

ಮೂರನೆಯದರಲ್ಲಿ ಧ್ವನಿ ಸಣ್ಣದಾಯಿತು. ನಾಲ್ಕನೆಯದು ಗದ್ದಲವನ್ನು ತಾನಾಗಿಯೇ ಅಳಿಸಿ ಬರೀ ಮಾತನ್ನು ದಾಟಿಸುತ್ತಿತ್ತು. ನಾನು ಹೆಮ್ಮೆಯಿಂದ ತೋರಿಸಿದೆ. ಮಾವ ಬಾಣಲೆಯ ಹತ್ತಿರ ಹಿಡಿದು ನೋಡಿ, "ಇದ್ರಲ್ಲಿ ಸಾಸಿವೆ ಸದ್ದೇ ಬರಲ್ಲ, ಬೇಡ" ಎಂದರು. ನೀವೇ ಹೇಳಿ, ಗದ್ದಲ ಬೇಕು ಎಂದು ಹಟ ಹಿಡಿಯುವ ಗಿರಾಕಿಯನ್ನು ಈ ಊರಿನಲ್ಲಿ ಯಾರಾದರೂ ಕಂಡಿದ್ದೀರಾ? ಐದನೆಯದನ್ನು ಅವರು ತೆರೆದೂ ನೋಡಲಿಲ್ಲ. ಅದರ ಬಣ್ಣ ಸರಿಯಿಲ್ಲವಂತೆ!

ಆರನೆಯ ಭಾನುವಾರ, ಹಾಳಾಗಿಹೋಗಲಿ ಎಂದು, ವಿಡಿಯೋ ಗೇಮ್ ಆಡುವವರು ಬಳಸುವ ಆ್ಯಪನ್ನು ಹಾಕಿಕೊಟ್ಟೆ. ಅದರಲ್ಲಿ ಕರೆ ಮಾಡುವುದೇ ಇಲ್ಲ. ಒಂದು ಧ್ವನಿಕೋಣೆ ಇರುತ್ತದೆ, ಬಂದವರು ಬರಬಹುದು, ಸುಮ್ಮನೆ ಕೂರಬಹುದು, ದಿನವಿಡೀ ಬಾಗಿಲು ತೆರೆದೇ ಇರುತ್ತದೆ. ಗದ್ದಲ ಅಳಿಸುವ ಗುಂಡಿಯನ್ನೂ ಆಫ್ ಮಾಡಿಬಿಡಬಹುದು. ಮಾವನ ಮುಖ ಅರಳಿತು. "ಇದು ನೋಡು ಸಖತ್ತಾಗಿದೆ," ಎಂದು ಆವತ್ತೇ ಒಲೆಯ ಮೇಲಿನ ಮೊಳೆಗೆ ಒಂದು ಫೋನ್ ನೇತುಹಾಕಿಸಿದರು.

ಆ ಧ್ವನಿಕೋಣೆಗೆ ಮೇಲ್ವಿಚಾರಕಿ ನಾನೇ. ಕಚೇರಿಯಲ್ಲಿ ಕೂತು ಕಿವಿಗೆ ಹಾಕಿಕೊಂಡರೆ ರುಬ್ಬುವ ಯಂತ್ರ, ಸುಬ್ಬಣ್ಣನ ಕೆಮ್ಮು, ತೆಂಗಿನಕಾಯಿ ಒಡೆಯುವ ಸದ್ದು. ಇವೆಲ್ಲದರ ನಡುವೆ ಆಗಾಗ ಒಂದು 'ಟಣ್'. ಕೆಲವೊಮ್ಮೆ 'ಟಣ್ ಟಣ್'. ಪಟ್ಟಿ ನೋಡಿದರೆ, ನನ್ನನ್ನು ಬಿಟ್ಟೂ, ಹನ್ನೊಂದು ಜನರ ತಂಡದಲ್ಲಿ ಹನ್ನೆರಡನೆಯ ಸದಸ್ಯನೊಬ್ಬ. ಹೆಸರು 'ಮಾವ ೨'. ಒಂದು ಮಾತೂ ಆಡುವುದಿಲ್ಲ, ಬರೀ ಟಣ್!

ಹೊಸದಾಗಿ ಸೇರಿದ್ದ ಡ್ರೈವರ್ ಮಂಜು ನನಗೆ ಫೋನ್ ಮಾಡಿ, "ಅಕ್ಕಾ, ಆ ಟಣ್ ಟಣ್ ಕೇಳಿ ಕೇಳಿ ತಲೆ ಕೆಟ್ಟೋಗ್ತಿದೆ, ಏನಾದ್ರೂ ಮಾಡಿ," ಎಂದ. ಮಾವನನ್ನು ಕೇಳಿದರೆ, "ಅದು ನಂದೇ ಹಳೇ ಫೋನು, ಇರ್ಲಿ ಬಿಡೇ," ಎಂದರು. ಬಿಡುವುದು ಹೇಗೆ? ಆರು ಭಾನುವಾರ ಸುರಿದು ಕಟ್ಟಿದ ಕೋಣೆಯಲ್ಲಿ, ಎಲ್ಲೋ ಬಿದ್ದ ಹಳೆಯ ಫೋನೊಂದು ಟಣಗುಟ್ಟುವುದೇ? ಸೋಮವಾರ ಬೆಳಿಗ್ಗೆ 'ಮಾವ ೨' ಅನ್ನು ತೆಗೆದುಹಾಕಿ ನೆಮ್ಮದಿಯಿಂದ ಕಾಫಿ ಕುಡಿದೆ.

ಅಂದು ಸಂಜೆ ಮಾವ ಅಡುಗೆಮನೆಯಿಂದ ನೇರವಾಗಿ ನಮ್ಮ ಮನೆಗೆ ಬಂದರು. ಹೆಗಲ ಮೇಲೆ ಅರಿಶಿನದ ಟವೆಲ್ಲು ಹಾಗೇ ಇತ್ತು. ಕೂಗುತ್ತಾರೆ ಎಂದು ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿ ತಯಾರಾದೆ. ಅವರು ಕೂಗಲಿಲ್ಲ.

"ಅವ್ಳನ್ನ ಯಾಕೆ ಹೊರಗೆ ಹಾಕ್ದೆ?"

"ಯಾರನ್ನ ಮಾವ?"

"ನಿಮ್ಮತ್ತೇನ."

ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ನಾನು ಮೆಲ್ಲಗೆ ಬಿಡಿಸಿಕೊಂಡೆ. ಮಾವ ಟವೆಲ್ಲಿನ ಅಂಚು ತಿರುವುತ್ತ ಹೇಳಿದರು. "ಹಳೇ ಫೋನ್ ಅವಳ ಕುರ್ಚಿ ಹತ್ರ ಇಟ್ಟಿದೀನಿ. ಒಗ್ಗರಣೆ ಸದ್ದು ಕೇಳ್ಕೊಂಡು ಲೋಟಕ್ಕೆ ಚಮಚದಲ್ಲಿ ಬಡೀತಾಳೆ. ಒಂದು ಬಡಿದ್ರೆ ಹೌದು, ಸಾಕು. ಎರಡು ಬಡಿದ್ರೆ ಇಲ್ಲ. ಸುಬ್ಬಣ್ಣ ಅದನ್ನ ಕೇಳ್ದೆ ಬಾಣಲೆ ಇಳ್ಸಲ್ಲ. ಇವತ್ತು ಸದ್ದಿಲ್ಲ ಅಂತ ಅವ್ಳು ಊಟಾನೇ ಮಾಡಿಲ್ವಂತೆ."

"ಮೊದ್ಲೇ ಹೇಳ್ಬಾರ್ದಿತ್ತಾ ಮಾವ?"

"ಹೆಂಡ್ತಿಗೋಸ್ಕರ ಆ್ಯಪ್ ಹುಡುಕ್ತಿದೀನಿ ಅಂದಿದ್ರೆ ನೀವೆಲ್ಲ ಆಡ್ಕೊಳ್ತಿರ್ಲಿಲ್ವಾ?"

ಆಡಿಕೊಳ್ಳುತ್ತಿದ್ದೆವು, ಖಂಡಿತ. ಅದನ್ನು ನೆನೆದೇ ನನಗೆ ನಾಚಿಕೆಯಾಯಿತು. ಆರು ವಾರ ಅವರನ್ನು ಮನಸಾರೆ ಬೈದುಕೊಂಡಿದ್ದೆ. ಅವರು ಹುಡುಕುತ್ತಿದ್ದದ್ದು ಅತ್ತೆ ಮತ್ತೆ ಅಡುಗೆಮನೆಯಲ್ಲಿ ಕೂರಲು ಒಂದು ಜಾಗವನ್ನು.

ಅಲ್ಲೇ ನಿಂತು 'ಮಾವ ೨' ಅನ್ನು ವಾಪಸ್ ಸೇರಿಸಿದೆ, ಹೆಸರನ್ನು 'ಅತ್ತೆ' ಎಂದು ಬದಲಿಸಿದೆ. ಮರುದಿನ ಬೆಳಿಗ್ಗೆ ಕೆಲಸವೆಲ್ಲ ಬಿಟ್ಟು ಕೇಳುತ್ತ ಕೂತೆ. ಸಾಸಿವೆ ಸಿಡಿಯಿತು. ಎಲ್ಲರೂ ಸುಮ್ಮನಾದರು. 'ಟಣ್' ಎಂದಿತು. "ಸರಿ ಅಮ್ಮಾ," ಎಂದು ಸುಬ್ಬಣ್ಣ ಬಾಣಲೆ ಇಳಿಸಿದರು.

ನಾನು ಮೈಕ್ ಹಾಕಿ, ಹೆದರುತ್ತಲೇ ಕೇಳಿದೆ. "ಅತ್ತೆ, ನನ್ ಮೇಲೆ ಕೋಪಾನಾ?"

'ಟಣ್' ಎಂದಿತು.

ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅತ್ತೆಗೆ ಈಗ ಇರುವುದು ಎಡಗೈ ಮಾತ್ರ, ಅದು ನಿಧಾನ. ಸ್ವಲ್ಪ ಹೊತ್ತು ಬಿಟ್ಟು ಎರಡನೆಯದೂ ಕೇಳಿಸಿತು.