ಮುಂದಿನ ಎಡಗಾಲಿ

ಕಲ್ಯಾಣಿಯಿಂದ ಹೊರಟ ವೈಜಿನಾಥನ ಬಾಡಿಗೆ ಮೋಟಾರು ಹುಮನಾಬಾದಿನ ಅಗಸೆಬಾಗಿಲ ಬಳಿ ಬಂದು, ಹೋಳಿಗೆ ಹೆಚ್ಚಾದ ಮುದುಕನಂತೆ ಎಡಕ್ಕೆ ವಾಲಿ ನಿಂತಾಗ ಮುಂಜಾನೆ ಹತ್ತು ದಾಟಿತ್ತು. ಕಾರಣ ಚಿಕ್ಕದು: ಮುಂದಿನ ಎಡಗಾಲಿಯ ಕಬ್ಬಿಣದ ರಿಮ್ಮು ಸೀಳಿತ್ತು. ಹೆಚ್ಚಿನ ಗಾಲಿ ಒಂದಿತ್ತು ನಿಜ; ಹೋದ ತಿಂಗಳು ಬಲಗಾಲಿ ಸೀಳಿದಾಗ ಅದು ಕೆಲಸಕ್ಕೆ ಸೇರಿಕೊಂಡಿತ್ತು.

ದಿನ ಮಾತ್ರ ಚಿಕ್ಕದಲ್ಲ. ಅಂದು ನಾಲ್ಕರ ಗಂಟೆ ಬಾರಿಸಿದೊಡನೆ ಊರಿನ ತಾಲ್ಲೂಕು ಕಚೇರಿಯ ಸಾಹೇಬರು ಕಚೇರಿಯ ಮುಂದೆ ಮೋಟಾರನ್ನು ಪರೀಕ್ಷಿಸುವವರಿದ್ದರು. ತಪ್ಪಿದರೆ ಪರವಾನಿಗೆ ರದ್ದು; ಪರವಾನಿಗೆ ಹೋದರೆ ವೈಜಿನಾಥನ ಏಕೈಕ ಆಸ್ತಿ ಕೋಳಿಗೂಡು. ಯುದ್ಧ ಹತ್ತಿಕೊಂಡ ಮೇಲೆ ಹೊಸ ಸಾಮಾನು ಹೈದರಾಬಾದಿನಲ್ಲೂ ಸಿಗುತ್ತಿರಲಿಲ್ಲ.

"ಬಂಡಿ ಗಾಲಿ ಹಚ್ಚಪ್ಪಾ," ಎಂದಳು ಸೋನುಬಾಯಿ, ಬುಟ್ಟಿಯೊಡನೆ ಇಳಿಯುತ್ತ. ವಾರಕ್ಕೊಮ್ಮೆ ಬರುವ ಆಕೆಗೆ ಆ ಮೋಟಾರಿನ ರೋಗಗಳೆಲ್ಲ ಬಾಯಿಪಾಠ.

"ಮಾವ್ಶಿ, ಬಂಡಿ ಗಾಲಿಗಿ ಐದು ಬೋಲ್ಟ್ ಇರ್ತಾವೇನ್ರಿ?"

"ಬೋಲ್ಟ್ ಇಲ್ಲದೇ ನಮ್ಮ ಯಜಮಾನ್ರು ನಾಲ್ವತ್ತು ವರ್ಷ ಬಂಡಿ ಹೊಡದಾರ. ಒಮ್ಮೆರೆ ಮಂದೀಗಿ ಇಳದು ನೂಕ್ರಿ ಅಂದಿಲ್ಲ."

ವೈಜಿನಾಥ ಮಹೆಬೂಬನ ಹಳೇ ಕಬ್ಬಿಣದ ಅಂಗಡಿಗೆ ಓಡಿದ. ವ್ಯಾಜ್ಯದಲ್ಲಿ ಸಾಕ್ಷಿ ಹೇಳಲೆಂಬಂತೆ ಸೋನುಬಾಯಿಯೂ ಹಿಂದೆ ಬಂದಳು. ಅವನು ಕಿಸೆಯಿಂದ ದಾರ ತೆಗೆದು ಪ್ರತಿ ರಿಮ್ಮಿನ ತೂತಿನಿಂದ ತೂತಿಗೆ ಅಳೆದ. ಮೊದಲನೆಯದಕ್ಕೆ ಆರು ತೂತು.

"ಒಂದು ಜಾಸ್ತಿನೇ ಅದ ಭಾಯಿ, ಫುಕಟ್ ಅಂತ ತಿಳಕೋ!" ಎಂದ ಮಹೆಬೂಬ.

ಎರಡನೆಯದಕ್ಕೆ ಐದೇ, ಆದರೆ ಅರ್ಧ ಬೆರಳು ಒಳಗೆ.

"ಬಡದು ಕೂಡಸು, ಕೂಡ್ತದ."

"ಅಳಿಯಗ ಅಂಗಿ ಹೊಲೀಲಾಕತ್ತೀಯೇನೋ, ಬಡದು ಕೂಡಸಲಾಕ?" ಎಂದು ಸೋನುಬಾಯಿ ಗದರಿದಳು.

ಅಷ್ಟರಲ್ಲಿ ಕಚೇರಿಯ ಗಂಟೆ ಹನ್ನೆರಡು ಸಾರಿತು: ಢಣ್... ಢಣ್... ಮಹೆಬೂಬ ಹಣೆ ಬಡಿದುಕೊಂಡ. "ಅರೇ! ನಿನ್ನ ಗಾಲೀ ತಮ್ಮ ಅಲ್ಲೇ ನೇತಾಡ್ಲಾಕತ್ತಾನಲ್ಲೋ!"

ಮಾತು ನಿಜವಾಗಿತ್ತು. ಹಿಂದೊಮ್ಮೆ ಕೆಟ್ಟುನಿಂತ ಅದೇ ಜಾತಿಯ ಮೋಟಾರಿನ ರಿಮ್ಮು ಕಚೇರಿಯ ಬೇವಿನ ಮರಕ್ಕೆ ಗಂಟೆಯಾಗಿ ತೂಗುತ್ತಿತ್ತು. ಅದನ್ನು ಬಾರಿಸುವವನು ಚಪರಾಸಿ ಅಜೀಮುದ್ದೀನ್. ವೈಜಿನಾಥ ಅಲ್ಲಿಗೆ ಓಡಿ ದಾರ ಹಿಡಿದು ಅಳೆದ; ಸೋನುಬಾಯಿಯೂ ಹಿಂದೆಯೇ ಬಂದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಚಾಚಾ, ಒಂದು ತಾಸಿನ ಮಟ್ಟಿಗಿ ಕೊಡ್ರಿ."

"ಗಂಟಿ ಆಗಲಾರದೇ ಸಾಹೇಬ್ರು ಹೊರಗ ಬರಂಗಿಲ್ಲ. ಸೂರ್ಯಾ ಸುಳ್ಳ ಹೇಳ್ತಾನಂತ, ಗಡಿಯಾರ ಸುಳ್ಳ ಹೇಳ್ತದಂತ. ನಾ ಬಾರಿಸಿದ್ದೇ ಟೈಮು."

"ನಿಮಗ ಟೈಮ್ ಹ್ಯಾಂಗ ತಿಳೀತದ್ರಿ?"

"ಸಾಹೇಬ್ರ ಗಡಿಯಾರ ನೋಡಿ."

ಕೊನೆಗೆ ವೈಜಿನಾಥನೇ ಉಪಾಯ ಹೇಳಿದ: ಮೂರರ ಗಂಟೆ ಬಾರಿಸಿ ರಿಮ್ಮು ಇಳಿಸುವುದು, ಗಾಲಿಗೆ ಹಾಕಿ ಮೋಟಾರನ್ನು ಅದೇ ಬೇವಿನ ಕೆಳಗೆ ನಿಲ್ಲಿಸುವುದು, ನಾಲ್ಕನ್ನು ಗಾಲಿಯ ಮೇಲೇ ಬಾರಿಸುವುದು. ಅಜೀಮುದ್ದೀನ್ ಗಡ್ಡ ನೀವಿಕೊಂಡು ಒಪ್ಪಿದ.

ಮೂರು ಬಾರಿಸಿ ರಿಮ್ಮು ಇಳಿಸಿದರು. ಐದು ಬೋಲ್ಟೂ ಅದನ್ನು ಅಳಿಯನನ್ನು ಕಂಡ ಅತ್ತೆಯಂತೆ ನಕ್ಕು ಒಳಗೆ ಕರೆದುಕೊಂಡವು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೋಟಾರು ಮದುವಣಗಿತ್ತಿಯಂತೆ ಬೇವಿನ ಕೆಳಗೆ ನಿಂತಿತ್ತು. ವೈಜಿನಾಥ ದೀಪಗಳನ್ನೂ ಧೋತರದ ಸೆರಗಿನಿಂದ ಒರೆಸಿದ. ನಾಲ್ಕಾದೊಡನೆ ಅಜೀಮುದ್ದೀನ್ ಸುತ್ತಿಗೆ ಎತ್ತಿ ಗಾಲಿಗೆ ಬಾರಿಸಿದ.

ಥಪ್.

ಇನ್ನೊಮ್ಮೆ. ಥಪ್.

"ಹಿಟ್ಟಿನ ಚೀಲ ಬಡದಂಗ ಆಗ್ಲಾಕತ್ತದಲ್ಲೋ!" ಎಂದು ಅಜೀಮುದ್ದೀನ್ ಬೆವೆತ. ಪ್ರತಿಯೊಂದು ತೂತನ್ನು ಅಳೆದಿದ್ದ ವೈಜಿನಾಥ ನಾದವನ್ನು ಅಳೆದಿರಲಿಲ್ಲ.

"ನಾನೇ ನಾಲ್ಕು ಸಲ ಢಣ್ ಅಂತ ಒದರ್ಲೇನ್ರಿ, ಚಾಚಾ?"

"ನಿನ್ನ ಬಾಯಿಗಿ ಸರ್ಕಾರಿ ಮೊಹರು ಹೊಡದಾರೇನು?"

"ಅದರ ಕೊಳ್ಳಿಗಿ ಟಾಯರ್ ಬಿಗದೀರಿ, ಉಸರಾ ಹ್ಯಾಂಗ ಬರಬೇಕು? ಬಿಚ್ರಿ!" ಎಂದಳು ಸೋನುಬಾಯಿ.

ಬಿಚ್ಚದೆ ಗತಿಯಿರಲಿಲ್ಲ. ಗಂಟೆಯಾಗದಿದ್ದರೆ ಸಾಹೇಬರಿಲ್ಲ, ಸಾಹೇಬರಿಲ್ಲದಿದ್ದರೆ ಪರವಾನಿಗೆಯಿಲ್ಲ. ವೈಜಿನಾಥ ಜ್ಯಾಕು ಕೊಟ್ಟು ಗಾಲಿ ಇಳಿಸಿದ. ಟಾಯರು ಕಿತ್ತು, ರಿಮ್ಮನ್ನು ತಾನೇ ಮರಕ್ಕೆ ಕಟ್ಟಿದ. ಢಣ್, ಢಣ್, ಢಣ್, ಢಣ್! ಇಡೀ ಹುಮನಾಬಾದ್ ಕೇಳಿತು.

ನಾಲ್ಕನೆಯ ಪೆಟ್ಟಿನ ನಾದ ಅಡಗುವ ಮೊದಲೇ ಸಾಹೇಬರು ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದರು. ಮೋಟಾರಿನ ಸುತ್ತ ಎಡದಿಂದ ಒಮ್ಮೆ ಬಂದು ಗಾಲಿ ಎಣಿಸಿದರು. ನಂಬಿಕೆಯಾಗದೆ ಬಲದಿಂದ ಎಣಿಸಿದರು.

"ನಾಲ್ಕನೇದು ಎಲ್ಲಿ?"

"ನಿಮ್ಮನ್ನ ಕರೀಲಾಕ ಹೋಗ್ಯಾದ್ರಿ," ಎಂದಳು ಸೋನುಬಾಯಿ.

ಸಾಹೇಬರು ನಗಲಿಲ್ಲ. ಆದರೆ ದಯೆಯುಳ್ಳವರು, ಪರವಾನಿಗೆಯನ್ನು ರದ್ದು ಮಾಡದೆ ಇನ್ನೊಂದು ದಿನದ ಅವಕಾಶ ಬರೆದುಕೊಟ್ಟರು.

"ನಾಳೆ ಬಾ. ನಾಲ್ಕೂ ಗಾಲಿ ಇರಬೇಕು. ಮತ್ತ ನೆನಪಿಡು, ನಾಲ್ಕರ ಗಂಟಿ ಆದ ಮ್ಯಾಲೇ ನಾ ಹೊರಗ ಬರೋದು."