ಮುತ್ಯಾ ಹೋದಂಗ

ಸಿದ್ದಲಿಂಗ ಆ ಮಾತು ಕೊಟ್ಟು ಹದಿನಾರು ವರ್ಷವಾಗಿತ್ತು. ಅಜ್ಜ ದೌಲತರಾಯ ಕೊನೆಯ ಹಾಸಿಗೆ ಹಿಡಿದಿದ್ದ. ಗೋಡೆಗೆ ಒರಗಿಸಿದ್ದ ತನ್ನ ಹಳೆಯ ಸೈಕಲ್ಲಿನ ಕಡೆ ಬೆರಳು ಮಾಡಿ, "ನಿಜಾಮನ ರಜಾಕಾರರ ಗದ್ದಲದಾಗ ಅದನ್ನ ತಗೊಂಡು ಕಾಡಿನ ದಾರಿ ಹಿಡದು, ಪಾಳು ಬಿದ್ದ ಸುಂಕದ ನಾಕಾದಾಗ ಅಡಗಿದ್ದ ನಮ್ಮ ಹುಡುಗರಿಗೆ ರೊಟ್ಟಿ ಮುಟ್ಟಿಸೀನಿ. ನೀನೂ ಒಮ್ಮಿ ನಾ ಹೋದಂಗ ಹೋಗಿ ಬಾರಪಾ," ಅಂದಿದ್ದ.

"ಹೋಗ್ತೇನಿ ಮುತ್ಯಾ," ಅಂದಿದ್ದ ಸಿದ್ದಲಿಂಗ. ಆ ಹೊತ್ತಿಗೆ ಮುತ್ಯಾ ಚಂದ್ರನ ಮೇಲೆ ಹೋಗಿ ಬಾ ಅಂದಿದ್ದರೂ ಹೂಂ ಅನ್ನುವವನೇ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಗುರುಬಾಯಿ ಅದನ್ನು ಕೇಳಿಸಿಕೊಂಡಿದ್ದೇ ತಪ್ಪಾಯಿತು. ಮುತ್ಯಾ ತೀರಿಕೊಂಡ ವಾರಕ್ಕೇ ಅವಳು ಎಲ್ಲರ ಮುಂದೆ ಸಾರಿದಳು: "ಈ ಹುಡುಗ ಮಾತು ನಡಸೋತನಕ ನಾ ಚಹಾಕ್ಕ ಸಕ್ಕರಿ ಹಾಕ್ಕೊಳ್ಳಂಗಿಲ್ಲ."

ಅಂದಿನಿಂದ ಕಿಣ್ಣಿ ಸುಲ್ತಾನ ಊರಿನಲ್ಲಿ ಸಿದ್ದಲಿಂಗನ ಮಾನ ಅಜ್ಜಿಯ ಕಪ್ಪು-ಬಸಿಗೆ ಕಟ್ಟುಬಿತ್ತು. ಮನೆಗೆ ಬೀಗರು ಬರಲಿ, ಬಿಸಿಲಿಗೆ ನೀರು ಕೇಳಲು ಬಂದವರಿರಲಿ, ಅವರೆದುರೇ ಗುರುಬಾಯಿ ಆಯಿ ಸಪ್ಪನ ಚಹಾ ಕುಡಿದು, ಬೇವಿನ ಕಷಾಯ ನುಂಗಿದವಳ ಹಾಗೆ ಮುಖ ಕಿವುಚುತ್ತಿದ್ದಳು. ಬಂದವರು ಸಿದ್ದಲಿಂಗನ ಕಡೆ ತಿರುಗುತ್ತಿದ್ದರು. "ಏನೋ ತಮ್ಮಾ, ಮುದುಕಿಗಿ ಇಷ್ಟು ತ್ರಾಸ ಕೊಡಬಾರದು ನೋಡು."

ಅವನೂ ಏನು ಮಾಡಿಯಾನು? ಆಳಂದದ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮಕಿ, ತೊಗರಿಯ ಸುಗ್ಗಿಯಲ್ಲಿ ರವಿವಾರವೂ ಇಲ್ಲ. ಜೊತೆಗೆ ಆ ಕಾಡಿನ ದಾರಿಯಲ್ಲಿ ಕಲ್ಲು ಕದ್ದು ಸಾಗಿಸುವ ಟಿಪ್ಪರುಗಳು. ಸೈಕಲ್ಲಿನವನು ಅಡ್ಡ ಬಂದರೆ ಅವಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಈ ನೆಪ ಬಹಳ ವರ್ಷ ಬಾಳಿತು. ಆದರೆ ಈ ವರ್ಷ ಅರಣ್ಯ ಇಲಾಖೆಯವರು ದಾರಿಯ ಬಾಯಿಗೇ ಕಂದಕ ತೋಡಿ, ಗಾಡಿಗಳನ್ನೆಲ್ಲ ಬಂದ್ ಮಾಡಿಬಿಟ್ಟರು. ಈಗ ಆ ಗರಸಿನ ದಾರಿಯಲ್ಲಿ ನವಿಲು ಬಿಟ್ಟರೆ ಬೇರೆ ಸಂಚಾರವಿಲ್ಲ.

ಸುದ್ದಿ ತಂದವನು ಪಕ್ಕದ ಮನೆಯ ನಾಗಣ್ಣ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ನೌಕರಿ ಹೋದರೂ ಸೀಟಿ ಕೊರಳಲ್ಲಿ ಉಳಿದಿತ್ತು.

"ಇನ್ನೇನು ನೆವ ಹೇಳ್ತಿ ಸಿದ್ದಾ? ರವಿವಾರ ಹೊಂಡು. ಆಯಿನ್ನ ಟಂಟಂ ರಿಕ್ಷಾದಾಗ ಡಾಂಬರ್ ರಸ್ತೆಯಿಂದ ನಾಕಾಕ್ಕ ಕರ್ಕೊಂಡು ಹೋಗಾಕ ನಾ ಎಲ್ಲಾ ಹೇಳೀನಿ. ಅಲ್ಲೇ ಸಕ್ಕರಿ ಚಹಾ! ನಿನ್ನ ಸಂಗಾಟ ಸಾಕ್ಷಿಗಿ ನಾನೂ ಬರ್ತೇನಿ, ಪಂಚರ್ ಅಂಗಡಿ ತೌಸೀಫನೂ ಬರ್ತಾನ."

ರವಿವಾರ ಬೆಳಿಗ್ಗೆ ಮುತ್ಯಾನ ಸೈಕಲ್ಲಿಗೆ ಹಾರ ಬಿತ್ತು, ತೆಂಗಿನಕಾಯಿ ಒಡೆಯಿತು. ಕಾಡಿನ ದಾರಿ ಶುರುವಾಗುವ ಕಂದಕದ ತನಕ ಊರೇ ಬಂದು ಬೀಳ್ಕೊಟ್ಟಿತು. ಮಂದಿ ಟಂಟಂ ಹತ್ತಿ ಆಯಿಯ ಜೊತೆ ನಾಕಾದ ಕಡೆ ಹೋದ ಮೇಲೆ ಮೂವರೂ ಸೈಕಲ್ಲುಗಳನ್ನು ಕಂದಕಕ್ಕೆ ಇಳಿಸಿ, ಆಚೆ ದಡಕ್ಕೆ ಎತ್ತಿದರು. ನಾಗಣ್ಣನದು ಮೊಮ್ಮಗಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲು. ಅದರ ಮೇಲೆ ಅವನು ಮೊಳೆಗೆ ನೇತುಹಾಕಿದ ಕುಂಬಳಕಾಯಿಯಂತೆ ಕಾಣುತ್ತಿದ್ದ.

ಆಚೆ ದಡದಲ್ಲಿ ಇಲಾಖೆಯವರು ಬೇಲಿಗೆಂದು ಜಾಲಿಮುಳ್ಳು ಒಟ್ಟಿದ್ದರು. ಮುತ್ಯಾನ ಸೈಕಲ್ಲಿನ ಎರಡೂ ಗಾಲಿ ಸರಿಯಾಗಿ ಅದರ ಮೇಲೇ ಇಳಿದವು. ಒಂದು ಉಸಿರು, ಎರಡು ಉಸಿರು. ಎರಡೂ ಟೈರು ಚಪ್ಪಟೆ.

"ಫಿಕರ್ ಮಾಡಬ್ಯಾಡ ಸಿದ್ದಣ್ಣ," ಎಂದು ತೌಸೀಫ ಚೀಲ ಬಿಚ್ಚಿದ. ಟ್ಯೂಬ್ ಹೊರಗೆಳೆದ, ಉಜ್ಜಿದ, ಅಂಟಿನ ಸೊಲ್ಯೂಶನ್ ತೆಗೆದು ಹಿಂಡಿದ. ಏನೂ ಬರಲಿಲ್ಲ. "ಅರೇ! ನಿನ್ನೆ ತುಂಬಿದ್ದೇ ಇಟ್ಟಿದ್ದೆನಲ್ಲ?"

ನಾಗಣ್ಣ ದೂರದ ಗುಡ್ಡ ನೋಡತೊಡಗಿದ.

"ಕಾಕಾ, ನಿನ್ನ ಕಾಲು ಎತ್ತು," ಎಂದ ತೌಸೀಫ.

"ಯಾಕ?"

"ಎತ್ತು ಅಂದೆ."

ನಾಗಣ್ಣನ ಹರಿದ ಚಪ್ಪಲಿಯ ಪಟ್ಟಿ ಅಟ್ಟೆಗೆ ಕಲ್ಲಿನಂತೆ ಅಂಟಿಕೊಂಡಿತ್ತು.

"ಹತ್ತು ಮೈಲು ಹೋಗಬೇಕಲ್ಲ, ಚಪ್ಪಲ್ ಗಟ್ಟಿ ಇರಲಿ ಅಂತ ಒಂದೀಟು ಹಚ್ಚಿದೆಪಾ," ಎಂದ ನಾಗಣ್ಣ. "ನೀ ಇನ್ನೊಂದು ತಂದಿರ್ತಿ ಅಂತ ತಿಳಿದಿದ್ದೆ."

ಸಿದ್ದಲಿಂಗ ಫೋನು ತೆಗೆದ. ನೆಟ್‌ವರ್ಕ್ ಇಲ್ಲ. ಟಂಟಂ ಹೋಗಿಯಾಗಿತ್ತು. ತೌಸೀಫ ತನ್ನ ಸೈಕಲ್ ಕೊಡಲು ಬಂದ. "ಬ್ಯಾಡೋ, ಮುತ್ಯಾಂದೇ ಆಗಬೇಕು," ಎಂದ ಸಿದ್ದಲಿಂಗ. ಆಯಿಗೆ ತೊಂಬತ್ತು ದಾಟಿತ್ತು. ಇವತ್ತು ಬಿಟ್ಟರೆ ಅವಳಿಗೆ ಸಕ್ಕರೆ ಚಹಾ ಯಾವತ್ತು?

"ತಳ್ಳು," ಎಂದ ನಾಗಣ್ಣ. "ನಾಕಾದ ಕಡೀ ತಿರುವಿನಾಗ ಹತ್ತಿಬಿಡು. ನಡುವ ಯಾರು ನೋಡ್ತಾರ? ನಾವೇ ಸಾಕ್ಷಿ ಅದೀವಲ್ಲ."

ಹಾಗೆ ಸಿದ್ದಲಿಂಗ ತಳ್ಳತೊಡಗಿದ. ದಾರಿಯೇನೋ ಚೆಂದವಿತ್ತು. ಎರಡೂ ಬದಿಗೆ ಕಮರ, ಬೇವು, ಕಾಡು ಸೀತಾಫಲ. ಹಾರ್ನ್ ಇಲ್ಲ, ಧೂಳಿಲ್ಲ. ಗರಸು ಕಾಲಡಿ ಕರಕರ ಅನ್ನುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ರಜಾಕಾರರು ಬಂದೂಕು ಇಟ್ಟು ಕಾಯುತ್ತಿದ್ದ ಮುರುಕು ಬುರುಜು, ಅದರ ಗೋಡೆಯ ತೂತಿನಲ್ಲಿ ಈಗ ಗಿಳಿಗಳು. ಇದೆಲ್ಲ ಸೈಕಲ್ ಏರಿ ನೋಡಬೇಕಾದದ್ದು. ಬೆವರು ಕಣ್ಣಿಗಿಳಿದವನಿಗೆ ಬುರುಜೂ ಒಂದೇ, ಬಣವೆಯೂ ಒಂದೇ.

ನಾಗಣ್ಣ ಮಾತ್ರ ಸುಮ್ಮನಿರಲಿಲ್ಲ. ಪ್ರತಿ ಹಳ್ಳ ಬಂದಾಗಲೂ, "ಇದೇ ಹಳ್ಳ ನೋಡು, ನಿಮ್ಮ ಮುತ್ಯಾ ಸೈಕಲ್ ಸಮೇತ ಹಾರಿದ್ದು! ಹಿಂದ ಗುಂಡು ಸುಂಯ್ ಅಂತಿದ್ವಂತ. ಗಾಳಿ ಹೋದಂಗ ಹೋದ!" ಅನ್ನುತ್ತಿದ್ದ.

"ನೀ ನೋಡಿದ್ಯಾ ಕಾಕಾ?"

"ನಾ ಹುಟ್ಟಿದ್ದಿಲ್ಲ. ಕಟ್ಟಿ ಮ್ಯಾಲ ಎಲ್ಲಾರೂ ಹೇಳ್ತಾರ."

ಪ್ರತಿ ಹಳ್ಳಕ್ಕೂ ಸೈಕಲ್ಲು ಇನ್ನಷ್ಟು ಭಾರವಾಯಿತು. ಇಳಿಜಾರಿನಲ್ಲಿ ಅದಕ್ಕೆ ಹುರುಪು ಬಂದು, ಬ್ರೇಕಿಲ್ಲದೆ ಸಿದ್ದಲಿಂಗನನ್ನು ಎಳೆದುಕೊಂಡು ಓಡಿ ಕಾರಿಗಿಡದ ಪೊದೆಗೆ ನುಗ್ಗಿತು. ಪೊದೆಯಿಂದ ಹೊರಬಂದಾಗ ಅಂಗಿಗೆ ಒಂದೇ ತೋಳು ಉಳಿದಿತ್ತು. ಎದುರಿಗೆ ಅರಣ್ಯ ರಕ್ಷಕ ನಿಂತಿದ್ದ.

"ಯಾರಲೇ ನೀವು? ಸೈಕಲ್ ಇಟ್ಕೊಂಡು ನಡಕೋತ ಯಾಕ ಹೊಂಟೀರಿ? ಕಳವಿಂದ ಹೌದಿಲ್ಲೋ?"

"ನಮ್ಮ ಮುತ್ಯಾಂದ್ರಿ ಸಾಹೇಬ್ರ."

"ನಿಮ್ಮ ಮುತ್ಯಾಂದಾದ್ರ ಹತ್ತಲೇ ಮತ್ತ!"

"ಪಂಚರ್ ಆಗೇದ್ರಿ. ಈ ತೌಸೀಫಂದೇ ಪಂಚರ್ ಅಂಗಡಿ, ಆದ್ರ ಸೊಲ್ಯೂಶನ್ ಖಾಲಿರಿ."

"ಪಂಚರ್ ಅಂಗಡಿಯವನ್ನ ಸಂಗಾಟ ಕರ್ಕೊಂಡು ಪಂಚರ್ ಸೈಕಲ್ ತಳ್ಳತೀರಿ? ನನಗ ಹುಚ್ಚ ಅಂತ ತಿಳಿದೀರೇನು?"

ನಾಗಣ್ಣ ತನ್ನ ಚಪ್ಪಲಿಯನ್ನೇ ಪುರಾವೆಯಾಗಿ ಎತ್ತಿ ತೋರಿಸಬೇಕಾಯಿತು. ರಕ್ಷಕ ಬೆಳಿಗ್ಗೆ ಒಡೆದು ಚೀಲಕ್ಕೆ ಹಾಕಿದ್ದ ತೆಂಗಿನಕಾಯಿಯ ಹೋಳು ತಿಂದು, ನಕ್ಕು ದಾರಿ ಬಿಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಮುಂದೆ ಹಲಗೆ ಬಾರಿಸುವ ಸದ್ದು ಕೇಳಿತು. ಕೊನೆಯ ತಿರುವು. ಅದರಾಚೆ ಹಿಂದೊಂದು ಕಾಲದಲ್ಲಿ ಸರಕಿನ ಸುಂಕ ವಸೂಲಿ ಮಾಡುತ್ತಿದ್ದ ಪಾಳು ನಾಕಾ, ಅದರ ಕಟ್ಟೆಯ ಮೇಲೆ ಊರು.

"ಹತ್ತು ಹತ್ತು!" ಎಂದ ನಾಗಣ್ಣ.

"ಬ್ಯಾಡ ಕಾಕಾ, ಖರೇ ಹೇಳಿಬಿಡ್ತೇನಿ."

"ಹುಚ್ಚೇನು ನಿನಗ? ಗಾಳಿ ಹೋದಂಗ ಹೋದವನ ಮೊಮ್ಮಗ ಎಮ್ಮಿ ಹೊಡಕೊಂಡು ಬಂದಂಗ ಬರ್ತಾನ? ಆಯಿ ಎದಿ ಒಡೀತದ!"

ಸಿದ್ದಲಿಂಗ ಹತ್ತಿದ. ಚಪ್ಪಟೆ ಗಾಲಿ ಥಪಕ್ ಥಪಕ್ ಎಂದು, ತಿರುವು ದಾಟಿ, ಜನರ ನಡುವೆ ಬಂದು ನಿಂತಿತು. ನಾಗಣ್ಣ ಸೀಟಿ ಊದಿ ಕೂಗಿದ: "ಕಂದಕದಿಂದ ಇಲ್ಲಿತನಕ ಕಾಲು ನೆಲಕ್ಕ ಹಚ್ಚಿಲ್ಲ! ನನ್ನ ಮೊಮ್ಮಗಳ ಆಣಿ!"

ಚಪ್ಪಾಳೆ ಬಿತ್ತು. ಸ್ಟೋವಿನ ಮುಂದೆ ಕೂತಿದ್ದ ಆಯಿ ಸಕ್ಕರೆಗೆ ಹಾಕಿದ್ದ ಚಮಚ ಹಿಂದಕ್ಕೆ ತೆಗೆದಳು.

"ಹತ್ತಿಕೊಂಡು ಬಂದ್ಯಾ?"

"ಹೌದಾಯಿ."

"ನಿಮ್ಮ ಮುತ್ಯಾಗ ಸೈಕಲ್ ಹೊಡ್ಯಾಕ ಎಲ್ಲಿ ಬರ್ತಿತ್ತೋ?"

ಹಲಗೆ ನಿಂತಿತು.

"ಹಿಂದ ಎರಡು ಚೀಲ ರೊಟ್ಟಿ, ಮುಂದ ಎರಡು ಚೀಲ. ಬಡದವಳು ನಾನು, ಹೊಸಾ ಸೊಸಿ. ತಳ್ಳಿಕೋತ ಹೋಗ್ತಿದ್ದ ಪುಣ್ಯಾತ್ಮ. ಯಾರೋ ಹತ್ತಾಕ ಕಲಸ್ತೀನಿ ಅಂದ್ರ, 'ಹಸಿದವರ ರೊಟ್ಟಿ ಮ್ಯಾಲ ಕುಂಡಿ ಇಡ್ಲೇನು' ಅಂತ ಬೈದಿದ್ದ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ ಆಯಿ?" ನಾಗಣ್ಣನ ದನಿ ಸಣ್ಣದಾಗಿತ್ತು.

"ನನ್ನ ಯಾರು ಕೇಳ್ಯಾರ? ಕಟ್ಟಿ ಮ್ಯಾಲ ಕುಂತು ನೀವ ನೀವ ಹಾರಿಸೀರಿ."

ಸಿದ್ದಲಿಂಗನಿಗೆ ಹೋದ ಜೀವ ಬಂದಿತು. "ಆಯಿ, ನಾನೂ ತಳ್ಳಿಕೋತನೇ ಬಂದೀನಿ! ಗಾಲಿ ನೋಡು, ಅಂಗಿ ನೋಡು!"

ಜನ ಗೊಳ್ಳೆಂದರು. "ಯಪ್ಪಾ, ಎಷ್ಟು ಜಲ್ದಿ ಮಾತು ತಿರುವಿದ ನೋಡ್ರಿ!" ಮೊಮ್ಮಗಳ ಆಣೆ ಹಾಕಿ ಕೂತಿದ್ದ ನಾಗಣ್ಣ ತನ್ನ ಚಪ್ಪಲಿ ನೋಡತೊಡಗಿದ.

ತೌಸೀಫ ಮುಂದೆ ಬಂದ. "ಖರೇ ಅದ ಆಯಿ. ಕಂದಕದಿಂದ ಒಂದು ಮಾರೂ ಹತ್ತಿಲ್ಲ. ಈ ತಿರುವಿನಾಗ ಅಷ್ಟೇ ಹತ್ತಿದ."

ಆಯಿ ಎದ್ದು ನಿಂತು, ಹುಬ್ಬಿಗೆ ಕೈ ಹಿಡಿದು ತಿರುವು ನೋಡಿದಳು. ಮೊಮ್ಮಗನ ತರಚಿದ ಮೊಣಕೈ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಸಿದ್ದಲಿಂಗನಿಗೆ ಹೆಚ್ಚು ಸಂಕಟವಾಯಿತು.

"ಅಷ್ಟು ದಾರಿ ತಳ್ಳಿದವ, ಇಷ್ಟಕ್ಕ ಯಾಕ ಹತ್ತಿದ್ಯೋ ಮಗನ?"

ಸಿದ್ದಲಿಂಗ ಸೈಕಲ್ಲನ್ನು ಕಟ್ಟೆಗೆ ಒರಗಿಸಿದ. ಆಯಿ ತನ್ನ ಬಸಿಗೆ ಸಪ್ಪನ ಚಹಾ ಸುರಿದುಕೊಂಡಳು. ಉಳಿದವರೆಲ್ಲ ಸಕ್ಕರೆಯದೇ ಕುಡಿದರು, ನಾಗಣ್ಣ ಎರಡು ಕಪ್ಪು.

ಸಿದ್ದಲಿಂಗ ಮುತ್ಯಾಗೆ ಕೊಟ್ಟ ಮಾತು ಆ ಕಡೆಯ ತಿರುವಿನಲ್ಲಿ ಮುರಿದಿತ್ತು.